ಹಗ್ಗದ ಉದ್ದ

ಬೆಳಗಿನ ಜಾವ ಐದೂಕಾಲು. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಕಬ್ಬಿನ ಗದ್ದೆಗೆ ಅಂಟಿಕೊಂಡ ಕೊಟ್ಟಿಗೆ. ಒಂದು ಬಲ್ಬು, ಮೂರು ಸೀಮೆಹಸು, ಒಂದು ಕರು. ನಾನು ಕುಕ್ಕರಗಾಲಲ್ಲಿ ಕೂತಿದ್ದೆ. ಕೈಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ತಟ್ಟೆ. ಅದರಲ್ಲಿ ನಾಲ್ಕು ಬಟ್ಟಲು, ಕೆಚ್ಚಲಿನ ನಾಲ್ಕು ಭಾಗಕ್ಕೆ ಒಂದೊಂದು. ಒಂದೊಂದು ಮೊಲೆಯಿಂದ ಎರಡೆರಡು ಧಾರೆ ಹಾಲು ಹಿಂಡಿದೆ, ಅಷ್ಟೇ ನೇರಳೆ ಬಣ್ಣದ ದ್ರಾವಣ ಸುರಿದೆ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಿದೆ. ಮೂರು ಬಟ್ಟಲಲ್ಲಿ ಹಾಲು ನೀರಿನ ಹಾಗೆ ಓಡಾಡಿತು. ನಾಲ್ಕನೆಯದು ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ ನಡುವೆ ಗುಪ್ಪೆ ಕಟ್ಟಿತು.

"ಹಾಲು ಬೆಳ್ಳಗೇ ಅದಲ್ಲ ಸಾ?" ಅಂದರು ಹಸುವಿನ ಒಡತಿ. ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಹೆಸರು ಇಲ್ಲಿ ಬೇಡ.

ಹೌದು, ಬೆಳ್ಳಗೇ ಇತ್ತು. ಕೆಚ್ಚಲು ಊದಿರಲಿಲ್ಲ, ಬಿಸಿ ಇರಲಿಲ್ಲ. ಹಸು ಮೇವು ತಿನ್ನುತ್ತಿತ್ತು, ಒದೆಯುತ್ತಿರಲಿಲ್ಲ. ಡೈರಿಯಲ್ಲಿ ಹಾಲು ವಾಪಸ್ ಬಂದಿರಲಿಲ್ಲ. ಆದರೂ ಹಿಂದಿನ ಎಡಭಾಗದಲ್ಲಿ ರೋಗ ಕೂತಿತ್ತು. ಗುಪ್ತ ಕೆಚ್ಚಲು ಬಾವು ಅಂತ ನಾವು ಬರೆದುಕೊಳ್ಳುತ್ತೇವೆ. ಹಾಲು ಒಡೆದು, ಗಡ್ಡೆ ಬಂದು, ರಕ್ತ ಬಂದು ಎಲ್ಲರಿಗೂ ಕಾಣುವ ಬಾವು ಊರಲ್ಲಿ ಒಂದು ಹಸುವಿಗೆ ಬಂದರೆ, ಹೀಗೆ ಕಾಣದೆ ಕೂತ ಬಾವು ಇನ್ನೂ ಹಲವು ಹಸುಗಳಲ್ಲಿರುತ್ತದೆ. ಅದು ದಿನಕ್ಕೆ ಸ್ವಲ್ಪ ಸ್ವಲ್ಪ ಹಾಲು ಕದಿಯುತ್ತದೆ. "ಹಸ ಈ ಸೂಲಲ್ಲಿ ಯಾಕೋ ಕಮ್ಮಿ ಕೊಡ್ತಾ ಅದೆ" ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಆ ತಟ್ಟೆಯ ಪರೀಕ್ಷೆ ಹೊಸದೇನಲ್ಲ. 1957ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶಾಮ್ ಮತ್ತು ನೂರ್ಲ್ಯಾಂಡರ್ ಅನ್ನುವವರು ಮಾಡಿಕೊಟ್ಟಿದ್ದು. ಒಳಗಿನ ಗುಟ್ಟು ಬಹಳ ಸರಳ. ದ್ರಾವಣ ಅಂದರೆ ಮುಖ್ಯವಾಗಿ ಸೋಪು. ಕೆಚ್ಚಲಿಗೆ ರೋಗಾಣು ಹೊಕ್ಕಾಗ ಹಸುವಿನ ಬಿಳಿರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಆರೋಗ್ಯವಾಗಿದ್ದರೆ ಒಂದು ಮಿಲಿಲೀಟರ್ ಹಾಲಲ್ಲಿ ಕಣಗಳು 2 ಲಕ್ಷಕ್ಕಿಂತ ಕಡಿಮೆ. ಬಾವಿದ್ದರೆ ಅದು ಹತ್ತು ಲಕ್ಷ ದಾಟಿದರೂ ಆಶ್ಚರ್ಯವಿಲ್ಲ. ಸೋಪು ಆ ಕಣಗಳ ಹೊದಿಕೆ ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಗೆ ಬಂದು ಎಳೆ ಎಳೆಯಾಗಿ ಸಿಕ್ಕಿಕೊಳ್ಳುತ್ತದೆ. ಅದೇ ಲೋಳೆ. ಬಟ್ಟೆ ಒಗೆಯುವ ಪುಡಿಯನ್ನು ನೀರಿಗೆ ಕದಡಿಕೊಂಡೂ ಇದನ್ನು ಮಾಡಬಹುದು. ನಾನು ಎಷ್ಟೋ ಊರಲ್ಲಿ ಹಾಗೇ ತೋರಿಸಿದ್ದೇನೆ. ತೆಂಗಿನ ಕರಟದಲ್ಲಿ ಪುಡಿ ಕದಡಿದರೆ ಮಕ್ಕಳೂ ಬಂದು ಸುತ್ತ ನಿಲ್ಲುತ್ತಾರೆ.

ನಾನು ಪಶುವೈದ್ಯ. ಆದರೆ ಚಿಕಿತ್ಸೆಗಿಂತ ಜಾಸ್ತಿ ಕಾಲ ಸಂಶೋಧನೆಯಲ್ಲಿ ಕಳೆದವನು. ನಮ್ಮ ಮನೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಎತ್ತಿದ್ದವು, ಅಪ್ಪನಿಗೆ ಅವು ನನಗಿಂತ ಹೆಚ್ಚು. ಓದಿ ಮುಗಿಸಿದ ಮೇಲೆ ನನಗೆ ಹಿಡಿಸಿದ್ದು ಸೂಕ್ಷ್ಮಜೀವಿಗಳು. ಕೆಚ್ಚಲಲ್ಲಿ ಯಾವ ರೋಗಾಣು ಇದೆ, ಅದಕ್ಕೆ ಯಾವ ಔಷಧಿ ತಾಗುತ್ತದೆ, ಯಾವುದು ತಾಗುವುದಿಲ್ಲ ಅನ್ನುವುದೇ ನನ್ನ ಕೆಲಸ. ಹಾಲಿನ ಮಾದರಿ ತರುವುದು, ರೋಗಾಣು ಬೆಳೆಸುವ, ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಎಳೆಯುವುದು, ಮಾರನೇ ದಿನ ಬೆಳೆದ ಚುಕ್ಕೆಗಳನ್ನು ನೋಡುವುದು. ಸ್ಟೆಫೈಲೋಕಾಕಸ್ ಆರಿಯಸ್ ಬೆಳೆದಿದ್ದರೆ ಸುತ್ತಲೂ ತಿಳಿಯಾದ ಬಳೆ. ಎಷ್ಟು ಚೆಂದ ಅಂದರೆ, ರೋಗ ಅಂತ ಮರೆತೇ ಹೋಗುತ್ತದೆ.

ಹೀಗೆ ಕೆಲವು ವರ್ಷ ನಡೆಯಿತು. ಪಟ್ಟಿ ಬೆಳೆಯಿತು, ಲೇಖನ ಬಂದವು. ನನ್ನ ಕಾಲೆಳೆದದ್ದು ಒಂದೇ ಸಂಗತಿ. ಔಷಧಿ ಕೊಟ್ಟು ವಾಸಿಯಾಯಿತು ಅಂತ ಬರೆದುಕೊಂಡ ಹಸುವಿನ ಬಳಿಗೆ ಎರಡು ತಿಂಗಳು ಬಿಟ್ಟು ಹೋದರೆ, ಅದೇ ಮೊಲೆ, ಅದೇ ಲೋಳೆ. ಈ ಅಕ್ಕನ ಹಸು ಹಾಗೆ ಮೂರನೇ ಸಲ ಸಿಕ್ಕಿತ್ತು. ಸ್ಟೆಫೈಲೋಕಾಕಸ್ ಒಳಗೆ ಗೂಡು ಕಟ್ಟಿಕೊಂಡು ಕೂರುತ್ತದೆ, ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ, ಇದು ನಮಗೆ ಗೊತ್ತಿರುವ ವಿಷಯ. ಅದನ್ನೇ ಅಕ್ಕನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಗೋಡೆಗೆ ಒರಗಿ ಕೂತಿದ್ದ ಅವರ ಅತ್ತೆ ಮಾತ್ರ ಸುಮ್ಮನಿರಲಿಲ್ಲ.

"ಅದು ರಾತ್ರಿಯೆಲ್ಲ ನಿಂತೇ ಇರ್ತದೆ ಕಣಪ್ಪ. ನೀವ್ ಬರೋದು ಹಗಲೊತ್ತು, ನಿಮ್ಗೇನ್ ಗೊತ್ತಾದದು."

ಆ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ನನ್ನ ನಮೂನೆಯಲ್ಲಿ ಅದಕ್ಕೆ ಕಲಂ ಇರಲಿಲ್ಲ. ತಳಿ ಯಾವುದು, ಎಷ್ಟನೇ ಸೂಲು, ದಿನಕ್ಕೆ ಎಷ್ಟು ಲೀಟರ್, ಹಿಂದೆ ಯಾವ ಇಂಜೆಕ್ಷನ್, ಇವಕ್ಕೆಲ್ಲ ಕಲಂ ಇತ್ತು. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಒಂದು ವಾರ ಬಿಟ್ಟು ಅವರನ್ನೇ ಕೇಳಿದೆ: ಅಜ್ಜಿ, ಒಂದು ರಾತ್ರಿ ನಾನು ಇಲ್ಲೇ ಕೂತಿರಲಾ? ಅಜ್ಜಿ ನಕ್ಕರು. ಡಾಕ್ಟರಿಗೆ ಮನೆಯಲ್ಲಿ ಜಗಳವಾಗಿರಬೇಕು ಅಂತ ಅವರಿಗೆ ಅನುಮಾನ ಬಂತೋ ಏನೋ.

ರಾತ್ರಿ ಒಂಬತ್ತಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೂಲೆಯಲ್ಲಿ ಕೂತೆ. ಸೊಳ್ಳೆ ವಿಪರೀತ. ಹತ್ತರ ಹೊತ್ತಿಗೆ ಮೊದಲ ಎರಡು ಹಸು ಮಲಗಿದವು. ಮೂರನೆಯದು, ನಮ್ಮ ರೋಗಿ, ನೆಲ ಮೂಸಿತು. ಮುಂಗಾಲು ಮಡಚಿತು, ಮಂಡಿ ಊರಿತು. ಕತ್ತು ಹಗ್ಗಕ್ಕೆ ಸಿಕ್ಕಿ ಜಗ್ಗಿತು. ಹಾಗೇ ಎದ್ದು ನಿಂತಿತು. ಐದು ನಿಮಿಷ ಬಿಟ್ಟು ಮತ್ತೆ ನೆಲ ಮೂಸಿತು. ನಾನು ಎಣಿಸತೊಡಗಿದೆ. ಹನ್ನೊಂದನೇ ಸಲಕ್ಕೆ ಅದು ಒಂದು ಪಕ್ಕಕ್ಕೆ ವಾಲಿ, ಬೆನ್ನು ಗೋಡೆಗೆ ಒತ್ತಿ, ಹೇಗೋ ಮಲಗಿತು. ಅರ್ಧ ಗಂಟೆ ಆಗಿರಲಿಲ್ಲ, ಪಕ್ಕದ ಹಸು ಕಾಲು ಚಾಚಿದ್ದಕ್ಕೆ ಎದ್ದಿತು. ಏಳುವಾಗ ನೋಡಬೇಕಿತ್ತು. ಹಿಂಗಾಲು ಗಾರೆ ನೆಲದ ಮೇಲೆ ಜಾರಿ, ಗೊರಸು ತನ್ನದೇ ಹಿಂದಿನ ಎಡಮೊಲೆಯ ಮೇಲೆ ಬಿತ್ತು. ಹಸು ಕೂಗಲಿಲ್ಲ. ಕಾಲು ಎತ್ತಿಟ್ಟು ನಿಂತುಕೊಂಡಿತು, ಅಷ್ಟೇ.

ನಾನು ಮೂರು ಸಲ ಹಾಲು ಹಿಂಡಿ, ರೋಗಾಣು ಬೆಳೆಸಿ, ಔಷಧಿ ಬದಲಿಸಿದ್ದು ಅದೇ ಮೊಲೆಗೆ.

ಬೆಳಗ್ಗೆ ಟೇಪು ತಂದು ಅಳೆದೆ. ಗೂಟದಿಂದ ಕತ್ತಿನವರೆಗೆ ಹಗ್ಗ ಎರಡೂವರೆ ಅಡಿ. ಎದುರಿಗೆ ಮೇವಿನ ತೊಟ್ಟಿಯ ಗೋಡೆ.

ಹಸು ಏಳುವ ರೀತಿಯನ್ನು ನಾವೆಲ್ಲ ದಿನಾ ನೋಡಿರುತ್ತೇವೆ, ಆದರೂ ನೋಡಿರುವುದಿಲ್ಲ. ಕುದುರೆ ಮುಂಗಾಲು ಊರಿ ಏಳುತ್ತದೆ. ಹಸು ಹಿಂಭಾಗ ಮೊದಲು ಎತ್ತುತ್ತದೆ. ಅಷ್ಟು ಭಾರದ ಹಿಂಭಾಗ ಮೇಲೇಳಬೇಕಾದರೆ ಮಂಡಿಯ ಮೇಲೆ ಕೂತು ತಲೆಯನ್ನು ಜೋರಾಗಿ ಮುಂದಕ್ಕೆ ಚಾಚಬೇಕು, ಏತದ ಹಾಗೆ. ಒಂದು ಕಡೆ ಬಗ್ಗಿದರೆ ಇನ್ನೊಂದು ಕಡೆ ಏಳುತ್ತದೆ. ಅದಕ್ಕೆ ಮುಂದೆ ಎರಡು ಮೂರು ಅಡಿ ಖಾಲಿ ಜಾಗ ಬೇಕು. ಹಗ್ಗ ಚಿಕ್ಕದಿದ್ದರೆ, ಎದುರಿಗೆ ಗೋಡೆಯಿದ್ದರೆ, ತಲೆ ಚಾಚುವುದು ಎಲ್ಲಿಗೆ? ಒಂದೆರಡು ಸಲ ಏಟು ತಿಂದ ಹಸು ಮಲಗುವುದಕ್ಕೇ ಹೆದರುತ್ತದೆ. ಏಳಲು ಕಷ್ಟ ಅಂತ ಗೊತ್ತಿದ್ದರೆ ನಾವಾದರೂ ನೆಲದಲ್ಲಿ ಕೂರುತ್ತೇವಾ?

ಆರೋಗ್ಯವಾದ ಹಾಲಿನ ಹಸು ದಿನಕ್ಕೆ ಹೆಚ್ಚುಕಮ್ಮಿ 12 ಗಂಟೆ ಮಲಗಬೇಕು. ಬಿಡಿಬಿಡಿಯಾಗಿ, ಹತ್ತಾರು ಸಲ. ಮಲಗಿಕೊಂಡು ಮೆಲುಕು ಹಾಕುತ್ತದೆ, ಕೆಚ್ಚಲಿಗೆ ಆಗ ರಕ್ತ ಚೆನ್ನಾಗಿ ಹರಿಯುತ್ತದೆ. ಒಂದು ಲೀಟರ್ ಹಾಲಾಗಬೇಕಾದರೆ 400 ಲೀಟರಿಗೂ ಹೆಚ್ಚು ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು ಅನ್ನುವ ಲೆಕ್ಕವಿದೆ. ನಿಂತೇ ಇದ್ದರೆ ಗೊರಸು ಸವೆಯುತ್ತದೆ, ಕುಂಟು ಬರುತ್ತದೆ. ಬರೀ ಗಾರೆಯ ಮೇಲೆ ಮಂಡಿಯೂರಿ ಊರಿ ಮುಂಗಾಲಿನ ಮಂಡಿ ಊದುತ್ತದೆ. ಮಂಡ್ಯ ಜಿಲ್ಲೆಯ ಯಾವ ಕೊಟ್ಟಿಗೆಗಾದರೂ ಹೋಗಿ, ಅಂಥ ಮಂಡಿ ಹುಡುಕಲು ನಿಮಗೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ಮಣ್ಣಿನ ನೆಲ ಗಲೀಜು, ಗಾರೆ ಹಾಕಿಸಿ, ತೊಳೆಯಲು ಸುಲಭ ಅಂತ ಊರೂರಿಗೆ ಹೋಗಿ ಹೇಳಿದವರು ನಾವೇ. ಹೇಳಿದ್ದು ತಪ್ಪಲ್ಲ. ಗಾರೆಯ ಮೇಲೆ ಏನಾದರೂ ಮೆತ್ತಗಿನದು ಹಾಸಿ ಅನ್ನುವ ಎರಡನೇ ವಾಕ್ಯ ಹೇಳಲಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಹಾಲು ಕರೆದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಸು ಮಲಗಬಾರದು. ಮೊಲೆಯ ತುದಿಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಅಷ್ಟರಲ್ಲಿ ಸಗಣಿಯ ಮೇಲೆ ಮಲಗಿದರೆ ರೋಗಾಣುವಿಗೆ ಬಾಗಿಲು ತೆಗೆದಿಟ್ಟ ಹಾಗೆ. ಅದಕ್ಕೇ ಹಾಲು ಕರೆದ ಕೂಡಲೇ ಹಸಿಮೇವು ಹಾಕಿ, ತಿನ್ನುತ್ತಾ ನಿಂತಿರಲಿ ಅಂತ ಹೇಳುವುದು. ನಾನು ವರ್ಷಗಟ್ಟಲೆ "ಮಲಗಲು ಬಿಡಬೇಡಿ, ಮಲಗಲು ಬಿಡಬೇಡಿ" ಅಂತಲೇ ಭಾಷಣ ಮಾಡಿದ್ದೆ. ಅರ್ಧ ಗಂಟೆ ಅನ್ನುವ ಮಾತು ಎಷ್ಟು ಜನರ ಕಿವಿಗೆ ಬಿತ್ತೋ ಗೊತ್ತಿಲ್ಲ.

ನಮ್ಮ ತಾತ ಹೇಳುತ್ತಿದ್ದ ಕತೆ ಬೇರೆಯೇ ಥರದ್ದು. ಅವರ ಕಾಲದ ಭಯ ದೊಡ್ಡರೋಗ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಅನ್ನುವ ದನಗಳ ರೋಗ. ಬಂತು ಅಂದರೆ ಒಂದು ವಾರದಲ್ಲಿ ಹಟ್ಟಿ ಖಾಲಿ. ಬಾಯಿ ಹುಣ್ಣು, ಭೇದಿ, ಕಣ್ಣಲ್ಲಿ ನೀರು, ಆಮೇಲೆ ಎಳೆದು ಹಾಕುವ ಕೆಲಸ. ಇದೇ ರೋಗದ ಕಾಟಕ್ಕೆ ಬ್ರಿಟಿಷರು 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ತೆರೆದು, ಕೆಲವೇ ವರ್ಷದಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಅಲ್ಲೇ 1920ರ ದಶಕದಲ್ಲಿ ಎಡ್ವರ್ಡ್ಸ್ ಅನ್ನುವವರು ವೈರಸ್ಸನ್ನು ಆಡಿನ ಮೈಯಲ್ಲಿ ದಾಟಿಸಿ ದಾಟಿಸಿ ಲಸಿಕೆ ಮಾಡಿದರು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಅದಕ್ಕಿಂತ ಒಳ್ಳೆಯದನ್ನು ಮಾಡಿದರು. ಭಾರತದಲ್ಲಿ ಕೊನೆಯ ಪ್ರಕರಣ 1995ರಲ್ಲಿ. 2011ರಲ್ಲಿ ಇಡೀ ಲೋಕದಿಂದ ದೊಡ್ಡರೋಗ ಹೋಯಿತು ಅಂತ ಸಾರಿದರು. ಮನುಷ್ಯರು ಭೂಮಿಯಿಂದ ಅಳಿಸಿಹಾಕಿದ ರೋಗಗಳು ಎರಡೇ: ಒಂದು ಸಿಡುಬು, ಇನ್ನೊಂದು ಇದು. ಸಿಡುಬಿನ ಮಾತು ಎಲ್ಲರಿಗೂ ಗೊತ್ತು. ದೊಡ್ಡರೋಗ ಹೋದ ದಿನ ನಮ್ಮೂರಲ್ಲಿ ಒಬ್ಬರಿಗೂ ಸುದ್ದಿ ಇರಲಿಲ್ಲ.

ನಾವು ಓದುವಾಗ ನಮ್ಮ ಮನಸ್ಸಲ್ಲಿದ್ದ ವೀರರು ಇವರೇ. ಒಂದು ವೈರಸ್, ಒಂದು ಲಸಿಕೆ, ಗೆಲುವು. ಆ ಕನಸಿನ ಮಿತಿ ನನಗೆ ತಟ್ಟಿದ್ದು 2013ರಲ್ಲಿ. ಆ ವರ್ಷ ಕಾಲುಬಾಯಿ ಜ್ವರ ರಾಜ್ಯದಲ್ಲಿ ಹೇಗೆ ಹಬ್ಬಿತು ಅನ್ನುವುದು ಹಸು ಕಟ್ಟಿದವರಿಗೆ ನೆನಪಿದೆ. ಸಾವಿರಾರು ಹಸುಗಳು ಸತ್ತವು. ಕಾಲುಬಾಯಿಗೆ ದೊಡ್ಡ ಹಸು ಸಾಯುವುದು ಕಡಿಮೆ ಅಂತ ನಾವು ಓದಿದ್ದೆವು. ಅವು ನಮ್ಮೆದುರೇ ಸತ್ತವು. ಬದುಕಿದ ಎಷ್ಟೋ ಹಸು ವರ್ಷಗಟ್ಟಲೆ ಬಿಸಿಲಿಗೆ ಏದುಸಿರು ಬಿಟ್ಟವು, ಮೈಮೇಲೆ ಕೂದಲು ಬೆಳೆಸಿಕೊಂಡು, ಬೆದೆಗೆ ಬಾರದೆ ನಿಂತವು. ಈಗ ವರ್ಷಕ್ಕೆ ಎರಡು ಸಲ ಸೂಜಿ, ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಅದು. ಆದರೂ ಸೂಜಿ ಹಾಕಿದರೆ ಎರಡು ದಿನ ಹಾಲು ಇಳಿಯುತ್ತದೆ ಅಂತ ಹಸುವನ್ನು ತೋಟಕ್ಕೆ ಹೊಡೆದು ಬಚ್ಚಿಡುವವರು ಇದ್ದಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಎರಡು ದಿನದ ಹಾಲು ಅಂದರೆ ಡೈರಿಯ ಬಟವಾಡೆಯಲ್ಲಿ ಕಾಣುವ ದುಡ್ಡು. ಬಾರದೆ ಹೋದ ರೋಗ ಯಾವ ಬಟವಾಡೆಯಲ್ಲೂ ಕಾಣುವುದಿಲ್ಲ.

ಅದೇನೇ ಇರಲಿ, ಕಾಲುಬಾಯಿಗೆ ಲಸಿಕೆ ಅನ್ನುವುದೊಂದಿದೆ. ಕೆಚ್ಚಲು ಬಾವಿಗೆ ಹಾಗೆ ಒಂದೇ ಏಟಿನ ಉಪಾಯ ಇಲ್ಲ. ಯಾಕೆಂದರೆ ಅದು ಒಂದು ರೋಗಾಣುವಿನ ಕೆಲಸವಲ್ಲ. ಒಂದು ಕರೆಯುವವರ ಕೈಯಲ್ಲಿ ಹಸುವಿನಿಂದ ಹಸುವಿಗೆ ಹೋಗುತ್ತದೆ, ಇನ್ನೊಂದು ಸಗಣಿಯಿಂದ ಬರುತ್ತದೆ, ಮತ್ತೊಂದು ಗಾಯದಿಂದ. ಹೆಬ್ಬೆರಳು ಮಡಚಿ ಗಿಣ್ಣಿನಿಂದ ಒತ್ತಿ ಕರೆಯುವ ಅಭ್ಯಾಸ ನಮ್ಮಲ್ಲಿದೆ. ಬೇಗ ಆಗುತ್ತದೆ, ಆದರೆ ಮೊಲೆಯ ಒಳಗೋಡೆ ನುಗ್ಗಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಕರೆಯಬೇಕು. ಇದನ್ನು ಹೇಳುವುದು ಸುಲಭ. ಮೂವತ್ತು ವರ್ಷದಿಂದ ಹೆಬ್ಬೆರಳು ಮಡಚಿದ ಕೈಗೆ ಹೊಸದು ಕಲಿಸುವುದು ನನ್ನಿಂದಂತೂ ಆಗಿಲ್ಲ.

1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೊಂದು ಐದಂಶದ ಸೂತ್ರ ಮಾಡಿದರು. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್‌ನಂಥ ದ್ರಾವಣಕ್ಕೆ ಅದ್ದಿ, ಹಾಲು ಬತ್ತಿಸುವಾಗ ಕೆಚ್ಚಲಿಗೆ ಔಷಧಿ ಹಾಕಿ, ಬಾವು ಕಂಡ ತಕ್ಷಣ ಚಿಕಿತ್ಸೆ ಮಾಡಿ ಬರೆದಿಡಿ, ಕರೆಯುವ ಯಂತ್ರ ಸರಿಯಾಗಿಟ್ಟುಕೊಳ್ಳಿ, ವಾಸಿಯಾಗದ ಹಸುವನ್ನು ಹಿಂಡಿನಿಂದ ತೆಗೆಯಿರಿ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಇಲ್ಲಿ ನಾನು ಅದನ್ನು ಓದಿ ಹೇಳುವಾಗ ಕೊನೆಯದರ ಹತ್ತಿರ ಬಂದಾಗ ದನಿ ಇಳಿಯುತ್ತದೆ. ಯಾವ ಹಿಂಡು? ಇರುವುದು ಎರಡೋ ಮೂರೋ. ಅದೂ ಸಾಲ ಮಾಡಿ ತಂದದ್ದು. ಗೋಹತ್ಯೆ ನಿಷೇಧದ ಕಾಯಿದೆ ಬಂದ ಮೇಲೆ ಬತ್ತಿದ ಹಸುವಿಗೆ ಕೊಳ್ಳುವವರು ಕಡಿಮೆ. ಕಾಯಿದೆ ಸರಿಯೋ ತಪ್ಪೋ ಅನ್ನುವ ವಾದಕ್ಕೆ ಬೇರೆ ಜನ ಇದ್ದಾರೆ. ನನಗೆ ಕಾಣುವುದು ಇಷ್ಟು: ಒಂದು ಮೊಲೆ ಕೆಟ್ಟ ಹಸು ಒಂದು ಬೆಳಗ್ಗೆ ಸಂತೆಗೆ ಹೋಗುತ್ತದೆ, ಕೆಟ್ಟ ಮೊಲೆಯ ಸುದ್ದಿ ಮಾತ್ರ ಹೋಗುವುದಿಲ್ಲ. ರೋಗಾಣು ಇನ್ನೊಂದು ಕೊಟ್ಟಿಗೆ ಸೇರುತ್ತದೆ. ಆರು ತಿಂಗಳ ಮೇಲೆ ಬೇರೆ ಊರಲ್ಲಿ, ಬೇರೆ ಒಡೆಯನ ಮುಂದೆ, ಅದೇ ಕಿವಿಯೋಲೆಯ ನಂಬರು ನೋಡಿ ನಾನು ಬೆಪ್ಪಾದದ್ದೂ ಇದೆ.

ಇನ್ನು ಗಂಡುಕರು. ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಸೀಮೆಹಸುವಿನ ಗಂಡುಕರುವಿಗೆ ಉಳುಮೆ ಇಲ್ಲ, ಗಾಡಿ ಇಲ್ಲ. ಯಾರೂ ಕೊಲ್ಲುವುದಿಲ್ಲ. ಹಾಲು ಸ್ವಲ್ಪ ಕಡಿಮೆ ಬಿಡುತ್ತಾರೆ. ಹದಿನೈದು ದಿನ, ಇಪ್ಪತ್ತು ದಿನ. ಆಮೇಲೆ ನಾವು ಹೋದಾಗ "ಭೇದಿ ಆಗಿ ಹೋಯ್ತು ಸಾ" ಅನ್ನುತ್ತಾರೆ. ನಾನು ಭೇದಿ ಅಂತಲೇ ಬರೆದುಕೊಂಡು ಬರುತ್ತೇನೆ. ಹೆಣ್ಣುಕರು ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ. ಅದರಿಂದ ಇದು ಕಡಿಮೆಯಾದರೆ ಅದೊಂದು ದೊಡ್ಡ ಕೆಲಸ, ಹಾಲಿನ ಲೆಕ್ಕ ಆಮೇಲೆ.

ನೋವಿನ ವಿಷಯಕ್ಕೆ ಬರುತ್ತೇನೆ. ಹಸು ನೋವು ತೋರಿಸುವ ಪ್ರಾಣಿಯಲ್ಲ. ಹುಲಿ ಚಿರತೆಗೆ ಆಹಾರವಾಗುತ್ತಿದ್ದ ಜಾತಿ ಅದು. ಹಿಂಡಿನಲ್ಲಿ ಕುಂಟುವುದು ಕಂಡರೆ ಮುಗಿಯಿತು. ಹಾಗಾಗಿ ಮುಚ್ಚಿಡುತ್ತದೆ. ನಾವು ಓದುವಾಗ ನೋವಿನ ಬಗ್ಗೆ ಕಲಿತದ್ದು ಯಾವ ಔಷಧಿ, ಎಷ್ಟು ಮಿಲಿಲೀಟರ್ ಅಂತ ಮಾತ್ರ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲದಕ್ಕೂ ಡೈಕ್ಲೋಫೆನಾಕ್. ಜ್ವರಕ್ಕೆ ಅದೇ, ಕುಂಟಿಗೆ ಅದೇ, ಕೆಚ್ಚಲು ಬಾವಿಗೂ ಅದೇ. ಅಗ್ಗ, ಹಸು ಬೇಗ ಚೇತರಿಸಿಕೊಂಡ ಹಾಗೆ ಕಾಣುತ್ತದೆ, ಡಾಕ್ಟರಿಗೆ ಹೆಸರು ಬರುತ್ತದೆ. ಆ ಹಸು ಸತ್ತರೆ ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಜೊತೆಯವರು ಪಾಕಿಸ್ತಾನದಲ್ಲಿ ಅದನ್ನು ಕಂಡುಹಿಡಿದರು. 2006ರಲ್ಲಿ ಭಾರತ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮುಗಿದಿದ್ದವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದರು. ಅಲ್ಲಿ ಬಂಡೆಯ ಮೇಲೆ ಉಳಿದಿರುವ ನಾಲ್ಕಾರು ಹಕ್ಕಿಗಳನ್ನು ದುರ್ಬೀನಿನಲ್ಲಿ ನೋಡುವಾಗೆಲ್ಲ ನನಗೆ ನನ್ನ ಹಳೆಯ ಔಷಧಿ ಪೆಟ್ಟಿಗೆ ನೆನಪಾಗುತ್ತದೆ. ಈಗ ಮೆಲಾಕ್ಸಿಕಾಮ್ ಕೊಡುತ್ತೇವೆ. ಹಸುವಿಗೂ ಸರಿ, ಹದ್ದಿಗೂ ಸರಿ.

ಆದರೆ ಔಷಧಿ ಕೊಡಲು ಮೊದಲು ನೋವಿದೆ ಅಂತ ಗೊತ್ತಾಗಬೇಕಲ್ಲ. 2015ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಹಸುವಿನ ಮುಖದಲ್ಲಿ ನೋವನ್ನು ಓದುವುದು ಹೇಗೆ ಅಂತ ಬರೆದರು. ಕಿವಿ ಹಿಂದಕ್ಕೆ ಬಿಗಿದಿರುತ್ತದೆ ಇಲ್ಲವೇ ಜೋತುಬೀಳುತ್ತದೆ, ಕಣ್ಣಿನ ಮೇಲೆ ಮಾಂಸಖಂಡ ಬಿಗಿಯುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ, ಮೂತಿ ಗಟ್ಟಿಯಾಗುತ್ತದೆ. ಚಿತ್ರಗಳನ್ನು ಫೋನಿನಲ್ಲಿ ಹಾಕಿಕೊಂಡು ಹೋಗಿ ಅಜ್ಜಿಗೆ ತೋರಿಸಿದೆ. ಅವರು ಒಂದೊಂದೇ ಬೆರಳಲ್ಲಿ ಸರಿಸಿ ನೋಡಿದರು. "ಇದು ಮಂಕಾಗದೆ. ಇದು ಚೆನ್ನಾಗದೆ. ಇದು ಮಂಕಾಗದೆ." ಒಂದೂ ತಪ್ಪಲಿಲ್ಲ.

ಮಂಕಾಗಿದೆ ಅನ್ನುವ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಫೋನು ಮಾಡಿದವರು ಮೊದಲು ಹೇಳುವುದೇ ಅದು. "ಸರಿ, ಮಂಕಾಗಿದೆ, ಬೇರೆ ಏನಾಗಿದೆ ಹೇಳಿ" ಅಂತ ನಾನು ಮುಂದಕ್ಕೆ ಹೋಗುತ್ತಿದ್ದೆ. ಜ್ವರ ಇದೆಯಾ, ಮೇವು ಬಿಟ್ಟಿದೆಯಾ. ಈಗ ಅಲ್ಲೇ ನಿಲ್ಲುತ್ತೇನೆ. ಯಾವಾಗಿಂದ ಮಂಕು? ಕಿವಿ ಹೇಗಿದೆ? ಯಾರು ಮೊದಲು ನೋಡಿದ್ದು?

ಈ ಕೊನೆಯ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಒಂದೇ. ಸಗಣಿ ಬಾಚುವವರು, ಕಲಗಚ್ಚು ಇಡುವವರು, ಕರೆಯುವವರು ಹೆಂಗಸರು. ನಮ್ಮ ತರಬೇತಿಗೆ ಬಂದು ಕುರ್ಚಿಯ ಮೇಲೆ ಕೂತು ಬಿಸ್ಕತ್ತು ತಿಂದು ಹೋಗುವವರು ಗಂಡಸರು. ನನ್ನ ಹಳೆಯ ನಮೂನೆಗಳನ್ನು ತೆಗೆದು ನೋಡಿದರೆ "ಉತ್ತರ ಕೊಟ್ಟವರು" ಅನ್ನುವ ಕಡೆ ಹೆಚ್ಚುಕಮ್ಮಿ ಎಲ್ಲವೂ ಗಂಡಸರ ಹೆಸರು. ಹಸುವಿಗೆ ರಾತ್ರಿ ನೀರಿಡುತ್ತೀರಾ ಅಂತ ಕೇಳಿದ್ದಕ್ಕೆ "ಇಡ್ತೀವಿ" ಅಂದಿದ್ದಾರೆ. ಇಡುತ್ತಿದ್ದರೋ ಇಲ್ಲವೋ ಅವರಿಗಾದರೂ ಹೇಗೆ ಗೊತ್ತು? ಅಷ್ಟು ವರ್ಷದ ಅಂಕಿಗಳನ್ನು ಈಗ ಹೇಗೆ ನಂಬುವುದು ಅನ್ನುವುದು ನನ್ನ ಖಾಸಗಿ ತಲೆನೋವು.

ನೀರು ಅಂದೆ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ. ದಿನಕ್ಕೆ 15 ಲೀಟರ್ ಹಾಲು ಕೊಡುವ ಹಸು 60–70 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಾವು ಎರಡು ಹೊತ್ತು ಬಕೆಟ್ ಇಟ್ಟು ತೆಗೆಯುತ್ತೇವೆ. ಇದಕ್ಕೆ ಸಂಶೋಧನೆ ಬೇಕಿಲ್ಲ, ಒಂದು ಅರ್ಧ ಡ್ರಮ್ಮು ಸಾಕು. ಆದರೆ ಡ್ರಮ್ಮು ಇಟ್ಟರೂ ಹಗ್ಗ ಅಲ್ಲಿಗೆ ಮುಟ್ಟಬೇಕಲ್ಲ.

ಇಷ್ಟು ಹೇಳಿ ಒಂದು ಸಣ್ಣ ತಪ್ಪೊಪ್ಪಿಗೆ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚುವ ಮದ್ದನ್ನು ತಮಿಳುನಾಡಿನ ಪಶುವೈದ್ಯ ಪ್ರೊಫೆಸರ್ ಪುಣ್ಯಮೂರ್ತಿ ಊರೂರಿಗೆ ತಲುಪಿಸಿದ್ದಾರೆ. ಮೊದಲು ಕೇಳಿದಾಗ ನಾನು ನಕ್ಕವನು. ಆಮೇಲೆ ಅಕ್ಕ ಮಾಡುವುದನ್ನು ನೋಡಿದೆ. ದಿನಕ್ಕೆ ಹತ್ತು ಸಲ ಹಾಲು ಹಿಂಡಿ ಚೆಲ್ಲಿ, ತೊಳೆದು, ಹಚ್ಚಬೇಕು. ಅಷ್ಟು ಸಲ ಕೆಚ್ಚಲು ಮುಟ್ಟಿದರೆ ಯಾವ ಮೊಲೆ ಬಿಸಿ, ಯಾವುದು ಗಟ್ಟಿ, ಎಲ್ಲವೂ ಕೈಗೆ ಗೊತ್ತಾಗುತ್ತದೆ. ಮದ್ದಿನ ಪಾಲೆಷ್ಟು, ಆ ಕೈಯ ಪಾಲೆಷ್ಟು ಅಂತ ಬೇರೆ ಮಾಡಿ ಅಳೆಯಬೇಕು ಅಂತ ನನ್ನೊಳಗಿನ ಸಂಶೋಧಕ ಹಟ ಮಾಡುತ್ತಾನೆ. ಬಾವು ಇಳಿದ ಹಸುವನ್ನು ಕಟ್ಟಿಕೊಂಡ ಅಕ್ಕನಿಗೆ ಆ ಲೆಕ್ಕ ಬೇಕಿಲ್ಲ.

ಹಗ್ಗಕ್ಕೆ ಏನಾಯಿತು ಅಂತ ಕೇಳುತ್ತೀರಿ. ನಾನು ಟೇಪು ಹಿಡಿದುಕೊಂಡು ಐದಡಿ ಮಾಡಿ ಅಂದೆ. ಅಕ್ಕ ಒಂದೇ ಉಸಿರಿಗೆ ನಾಲ್ಕು ತಕರಾರು ಹೇಳಿದರು. ಉದ್ದ ಬಿಟ್ಟರೆ ತಿರುಗಿ ನಿಂತು ತೊಟ್ಟಿಗೇ ಸಗಣಿ ಹಾಕುತ್ತದೆ. ಪಕ್ಕದ್ದನ್ನು ಹಾಯುತ್ತದೆ. ಕರು ಹಾಲು ಕುಡಿದುಬಿಡುತ್ತದೆ. ಕಾಲಿಗೆ ಸುತ್ತಿಕೊಂಡು ಬೀಳುತ್ತದೆ. ಎಲ್ಲವೂ ನಿಜ. ಎರಡೂವರೆ ಅಡಿ ಅನ್ನುವುದು ಸುಮ್ನೆ ಬಂದದ್ದಲ್ಲ, ಆ ಕೊಟ್ಟಿಗೆಯ ಅಗಲಕ್ಕೆ ತಕ್ಕಂತೆ ಅವರೇ ಕಂಡುಕೊಂಡ ಅಳತೆ. ನನ್ನ ಬಳಿ ಉತ್ತರ ಇರಲಿಲ್ಲ. ಬಂದುಬಿಟ್ಟೆ.

ಮುಂದಿನ ಸಲ ಹೋದಾಗ ಮೂಲೆಯಲ್ಲಿದ್ದ ಹಳೇ ಮೊಪೆಡ್ಡು, ಸೌದೆ ಹೊರಗೆ ಹೋಗಿದ್ದವು. ನಮ್ಮ ರೋಗಿಯನ್ನು ಆ ಜಾಗಕ್ಕೆ ಕಟ್ಟಿದ್ದರು, ಎದುರಿಗೆ ಗೋಡೆಯಿಲ್ಲದ ಕಡೆ. ಹಗ್ಗದಲ್ಲಿ ಎರಡು ಗಂಟು. ಕರೆಯುವಾಗ, ಮೇವು ಹಾಕುವಾಗ ಗಿಡ್ಡ ಗಂಟಿಗೆ. ರಾತ್ರಿ ಉಂಡು ಮಲಗುವ ಮುಂಚೆ ಅಜ್ಜಿ ಬಂದು ಉದ್ದ ಗಂಟಿಗೆ ಬದಲಿಸುತ್ತಾರೆ. ಕೆಳಗೆ ಒಣಗಿದ ಕಬ್ಬಿನ ತರಗು. ಮರಳು ಹಾಸಿದರೆ ಇನ್ನೂ ಒಳ್ಳೆಯದು, ರೋಗಾಣು ಅದರಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ, ಆದರೆ ಮರಳಿನ ಬೆಲೆ ನಿಮಗೆ ಗೊತ್ತು. ತರಗನ್ನು ದಿನಾ ಬದಲಿಸಿ ಅಂದೆ. "ಕಬ್ಬಿನ ಸೀಮೇಲಿ ತರಗಿಗೇನ್ ಬರ" ಅಂದರು ಅಜ್ಜಿ.

ತಟ್ಟೆ ತೆಗೆದು ಮತ್ತೆ ಪರೀಕ್ಷೆ ಮಾಡಿದೆ. ಮೂರು ಬಟ್ಟಲು ಚೆನ್ನಾಗಿದ್ದವು. ಹಿಂದಿನ ಎಡದ್ದು ಇನ್ನೂ ಲೋಳೆ. ಮೊದಲಿನಷ್ಟು ಗಟ್ಟಿಯಲ್ಲ, ಬಟ್ಟಲಿನ ತಳದಲ್ಲಿ ಎಳೆಯಾಡುವಷ್ಟು. ಅಕ್ಕ ಬಗ್ಗಿ ನೋಡಿದರು. ಹಸು ಅಷ್ಟರಲ್ಲಿ ತಿಂದು ಮುಗಿಸಿ, ಮಂಡಿಯೂರಿ ಮಲಗಲು ಹೊರಟಿತ್ತು.

"ಏಯ್, ಇನ್ನೂ ಅರ್ಧ ಗಂಟೆ ಆಗಿಲ್ಲ!" ಅಂತ ಅಕ್ಕ ಒಂದು ಹಿಡಿ ಹಸಿಹುಲ್ಲು ತಂದು ಮೂತಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸಾ, ಕೊಟ್ಟಿಗೆ ಕಟ್ಟೋಕೆ ನರೇಗಾದಲ್ಲಿ ದುಡ್ಡು ಕೊಡ್ತಾರಲ್ಲ, ಹಗ್ಗಕ್ಕೂ ಏನಾದ್ರೂ ಕೊಡ್ತಾರಾ?" ಅಂತ ಕೇಳಿದರು.